ಯೇಸಪ್ಪ

"ಇವ ನಿಮ್ಮಂವ ಏನ್ರಿ, ಫಾದರ್?"

ಠಾಣೆಗೆ ಕರೆಸಿಕೊಂಡ ಸಬ್ ಇನ್‌ಸ್ಪೆಕ್ಟರ್ ಕೇಳಿದ್ದು ಇಷ್ಟೇ. ಗೋಡೆಗೊರಗಿ ನೆಲದ ಮೇಲೆ ಕೂತಿದ್ದ ಪಾಸ್ಟರ್ ಸಿದ್ದರಾಮೇಶನ ತುಟಿ ಒಡೆದು ಊದಿತ್ತು. ಆ ದಿನ ಮುಂಜಾನೆ ನೆಲೋಗಿ ರಸ್ತೆಯಲ್ಲಿದ್ದ ಅವನ ತಗಡಿನ ಪ್ರಾರ್ಥನಾ ಶೆಡ್ಡಿಗೆ ಒಂದು ಗುಂಪು ನುಗ್ಗಿ, ಡೋಲಕ್ ಒಡೆದು, ಮತಾಂತರ ಮಾಡುತ್ತಾನೆಂದು ಅವನನ್ನೇ ಹಿಡಿದು ತಂದು ಒಪ್ಪಿಸಿತ್ತು. ಶೆಡ್ಡಿಗೆ ಬೀಗ ಬಿದ್ದಿತ್ತು.

"ನಿಮ್ಮಂವ ಅಂದ್ರ ನಿಮ್ಮ ಜವಾಬ್ದಾರಿ ಮ್ಯಾಲ ಮನಿಗಿ ಕಳಸ್ತೇನಿ. ಇಲ್ಲಾಂದ್ರ ಕೇಸ್ ಹಾಕಲೇಬೇಕಾಗ್ತದ. ಮ್ಯಾಲಿಂದ ಫೋನ್ ಮ್ಯಾಲ ಫೋನ್ ಬರಾಕತ್ತಾವ."

ಫಾದರ್ ವಲೇರಿಯನ್ ನೆಲದ ಮೇಲಿದ್ದವನತ್ತ ನೋಡಿದರು. ಅವರು ಕರಾವಳಿಯಿಂದ ಜೇವರ್ಗಿಗೆ ಬಂದ ಹೊಸದರಲ್ಲಿ ಈ ಸಿದ್ದರಾಮೇಶ ಅವರದೇ ಚರ್ಚಿನ ಗಂಟೆ ಬಾರಿಸುತ್ತಿದ್ದ. ಪ್ರಾರ್ಥನೆಗೆ ನಿಂತರೆ "ಯೇಸಪ್ಪಾ" ಅನ್ನುತ್ತಿದ್ದ. ಯೇಸಪ್ಪ ಅಲ್ಲ, ಯೇಸುಸ್ವಾಮಿ ಎಂದು ಫಾದರ್ ಪ್ರತಿ ಸಲ ತಿದ್ದುತ್ತಿದ್ದರು. ಒಂದು ದಿನ ಅವನು ಗಂಟೆಯ ಹಗ್ಗ ಬಿಟ್ಟು ಹೋಗಿ, ತಾನೇ ಪಾಸ್ಟರನಾಗಿ ಶೆಡ್ಡು ಹಾಕಿದ. ಅಲ್ಲಿ ತಿದ್ದುವವರಿರಲಿಲ್ಲ. ಜ್ವರ ಬಂದ ಕೂಸುಗಳನ್ನು ಹೆಂಗಸರು ಮೊದಲು ಅವನ ತೊಡೆಗೆ ಹಾಕಿ, ಆಮೇಲೆ ದವಾಖಾನೆಗೆ ಒಯ್ಯತೊಡಗಿದರು. ಭಾನುವಾರ ಖಾಲಿ ಬೆಂಚುಗಳೆದುರು ಬಲಿಪೂಜೆ ಮುಗಿಸಿದ ಫಾದರ್, ಕೆಲಸವಿಲ್ಲದಿದ್ದರೂ ಬೈಕು ಹತ್ತಿ ಆ ದಾರಿ ಹಿಡಿಯುತ್ತಿದ್ದರು. ಶೆಡ್ಡಿನ ಹತ್ತಿರ ವೇಗ ತಗ್ಗಿಸಿ ಬಾಗಿಲಲ್ಲಿದ್ದ ಚಪ್ಪಲಿಗಳ ರಾಶಿ ನೋಡುತ್ತಿದ್ದರು. ಅದರಲ್ಲಿ ತಮಗೆ ಅಡುಗೆ ಮಾಡುವ ಸಾಬವ್ವನ ನೀಲಿ ಚಪ್ಪಲಿ ಕಂಡ ದಿನ ಅವರಿಗೆ ಊಟ ಸೇರಲಿಲ್ಲ.

"ನಮ್ಮ ಧರ್ಮಪ್ರಾಂತ್ಯ ಇವರಿಗೆ ಯಾವ ಅಧಿಕಾರವನ್ನೂ ಕೊಟ್ಟಿಲ್ಲ," ಎಂದರು ಫಾದರ್. ಪ್ರತಿ ಅಕ್ಷರವೂ ನಿಜವಾಗಿತ್ತು.

"ಅಂದ್ರ ನಿಮ್ಮಂವ ಅಲ್ಲ."

"ಅಲ್ಲ."

ಸಿದ್ದರಾಮೇಶ ತಲೆಯೆತ್ತಿದ. "ಬರಕೋರಿ ಸಾಹೇಬ್ರ. ಫಾದರ್ ಸುಳ್ಳ ಹೇಳಂಗಿಲ್ಲ," ಎಂದ. ಮಾತಿನಲ್ಲಿ ಕೊಂಕಿರಲಿಲ್ಲ. ಕೊಂಕಿದ್ದಿದ್ದರೆ ಫಾದರ್ ಎದೆ ಹಗುರಾಗುತ್ತಿತ್ತು.

ಹೊರಗೆ ಬೇವಿನ ಗಿಡದ ಕೆಳಗೆ ಕೂತಿದ್ದ ಹೆಂಗಸರು ಅವರನ್ನು ಕಂಡು ಎದ್ದು ನಿಂತರು. ಫಾದರ್ ಬಂದಿದ್ದೇ ಬಿಡಿಸಲಿಕ್ಕೆ ಎಂದು ಅವರ ನಂಬಿಕೆ. ಏನಾಯಿತೆಂದು ಸಾಬವ್ವ ಕೇಳಿದಳು. ಇದ್ದದ್ದನ್ನು ಹೇಳಿದೆ ಎಂದರು. ಆಕೆ ಅವರ ಮುಖವನ್ನೇ ನೋಡಿ, ಮತ್ತೆ ಗಿಡದ ಕೆಳಗೆ ಹೋಗಿ ಕೂತಳು. ಸಂಜೆ ಪಾಸ್ಟರನ್ನು ಜೈಲಿಗೆ ಕಳಿಸಿದರು. ಸಾಬವ್ವ ಎಂದಿನಂತೆ ಬಂದು ಫಾದರ್‌ಗೆ ಬಿಸಿ ರೊಟ್ಟಿ ಬಡಿಸಿ ಹೋದಳು.

ಮುಂದಿನ ಭಾನುವಾರ ಚರ್ಚು ತುಂಬಿತು. ಬೆಂಚು ಸಾಲದೆ ಹೆಂಗಸರು ನೆಲದ ಮೇಲೆ ಕೂತರು. ಬಾಗಿಲಲ್ಲಿ ಚಪ್ಪಲಿಗಳ ರಾಶಿ. ಪೀಠದ ಹಿಂದಿನಿಂದ ಅದು ಕಾಣುತ್ತಿತ್ತು, ಫಾದರ್ ಮತ್ತೆ ಮತ್ತೆ ನೋಡಿದರು. ಅವರ ದನಿ ತಾನಾಗಿ ಏರಿತು, ಪ್ರವಚನ ಎಂದಿಗಿಂತ ಉದ್ದವಾಯಿತು. ಬಳಿಕ ಪೂಜೆಯ ಕ್ರಮದಂತೆ, ಸಭೆಯಲ್ಲಿ ಯಾರದಾದರೂ ಕೋರಿಕೆ ಇದ್ದರೆ ಹೇಳಬಹುದು ಎಂದರು. ಆ ಚರ್ಚಿನಲ್ಲಿ ಈ ಮಾತಿಗೆ ಅಲ್ಲಿಯವರೆಗೆ ಯಾರೂ ಬಾಯಿ ಬಿಟ್ಟಿರಲಿಲ್ಲ.

ಸಾಬವ್ವ ಎದ್ದು ತಲೆಯ ಮೇಲೆ ಸೆರಗು ಎಳೆದುಕೊಂಡಳು.

"ಯೇಸಪ್ಪಾ, ನಮ್ಮ ಪಾಸ್ಟರನ್ನ ಲಗೂನ ಬಿಡಸಪ್ಪಾ."

"ಬಿಡಸಪ್ಪಾ," ಎಂದಿತು ಇಡೀ ಚರ್ಚು.

ಫಾದರ್ ತಿದ್ದಲೆಂದು ಬಾಯಿ ತೆರೆದರು. ಯಾವ ಪದವನ್ನು ತಿದ್ದಬೇಕೋ ತಿಳಿಯಲಿಲ್ಲ. ಅಷ್ಟೂ ಕಣ್ಣುಗಳು ಅವರ ಮೇಲೆಯೇ ಇದ್ದವು.

"ಆಮೆನ್ ಅನ್ರಿ, ಫಾದರ್," ಎಂದಳು ಸಾಬವ್ವ.