ಒಂದೇ ಕೈಲಿ ತೆರೆಯುವ ಬ್ಯಾಗು

ಶಿವರಂಜನಿ ಹಾಸನದ ಬಸ್ಸು ಹತ್ತುತ್ತಾಳೆಂದೇ ರಜನೀಶ್ ಎಣಿಸಿದ್ದ. ಹತ್ತಲಿಲ್ಲ. ಚನ್ನರಾಯಪಟ್ಟಣದ ಬಸ್ ನಿಲ್ದಾಣದ ಎದುರು ರಸ್ತೆ ದಾಟಿ, ಪುಟ್ಟಸ್ವಾಮಿಯ ಬ್ಯಾಗಿನ ಅಂಗಡಿಯೊಳಕ್ಕೆ ಹೋದಳು.

ಹಿಂದೆಯೇ ಬಂದಿದ್ದ ಗಂಡ ಬೈಕು ನಿಲ್ಲಿಸಿದ. ಸಿಟ್ಟು ಬರಬೇಕಿತ್ತು, ಬರಲಿಲ್ಲ. ಹಲ್ಲು ಕೀಳುವ ಮೊದಲು ಒಸಡಿಗೆ ಚುಚ್ಚುವ ಸೂಜಿಯನ್ನು ಯಾರೋ ಇಡೀ ಮೈಗೆ ಚುಚ್ಚಿದಂತಿತ್ತು.

ಅವಳು ಟ್ಯಾಬ್ ತಂದು ಹತ್ತು ದಿನವಾಗಿತ್ತು. ಜಿನನಾಥಪುರದ ಶಾಲೆಯಲ್ಲಿ ಪಾಠ ಮಾಡುವವಳು, ಶಾಲೆಗೇ ಇರಬೇಕೆಂದು ಅವನು ಕೇಳಲಿಲ್ಲ. ಆಮೇಲೆ ಬಾಗಿಲು ಹಾಕಿಕೊಳ್ಳುವುದು ಶುರುವಾಯಿತು. ಸಂಜೆ ಬಂದವಳೇ ಕೋಣೆ ಸೇರಿ ಚಿಲಕ ಹಾಕಿದರೆ ಒಂದು ಗಂಟೆ ಹೊರಗೆ ಬರುವಂತಿಲ್ಲ. ಗಂಡನ ಜೊತೆ ಅವಳ ಮಾತು ಕಮ್ಮಿಯಾಗಿ ಎರಡು ತಿಂಗಳೇ ಆಗಿತ್ತು. ಶಾಲೆಯಲ್ಲಿ ಮಕ್ಕಳ ಮುಂದೆ ಕಿರುಚಿ ಗಂಟಲು ಕಟ್ಟಿದೆ ಎಂದು ಪಿಸುದನಿಯಲ್ಲೇ ಮುಗಿಸಿಬಿಡುತ್ತಿದ್ದಳು. ಚಿಲಕ ಬಿದ್ದ ಕೋಣೆಯೊಳಗೆ ಮಾತ್ರ ಆ ಗಂಟಲು ಹೇಗೋ ತೆರೆದುಕೊಳ್ಳುತ್ತಿತ್ತು.

ಒಮ್ಮೆ ಅವನು ಬಾಗಿಲಿಗೆ ಕಿವಿಯಿಟ್ಟ. “ಊಟ ಆಯ್ತಾ?” ಎನ್ನುತ್ತಿದ್ದಳು. “ಉಷಾರಾಗಿ ಹೋಗ್ಬಿಟ್ಟು ಬನ್ನಿ.” ಸ್ವಲ್ಪ ತಡೆದು, “ನೀವಿಲ್ದಿದ್ರೆ ಮನೆ ಬಿಕೋ ಅಂತದೆ.”

ಆ ಕಡೆಯ ಉತ್ತರ ಅವನಿಗೆ ಕೇಳಿಸಲಿಲ್ಲ.

“ಅಮ್ಮ ಒಂದೇ ಮಾತ್ನ ಮೂರ್ ಮೂರ್ ಸಲ ಹೇಳ್ತಾಳಪ್ಪ” ಎಂದಳು ಎಂಟು ವರ್ಷದ ಮಗಳು ಧನ್ಯಾ. “ನಗ್ತಾ ಒಂದ್ಸಲ, ಸಿಟ್ಟಲ್ಲಿ ಒಂದ್ಸಲ, ಸುಮ್ನೆ ಒಂದ್ಸಲ.”

ತರಬೇತಿಯೆಂದು ಹೇಳಿ ಅವಳು ಎರಡು ಮಂಗಳವಾರ ಹಾಸನಕ್ಕೆ ಹೋಗಿಬಂದಿದ್ದಳು. ನಿನ್ನೆ ರಜನೀಶ್‌ನ ಪಂಪ್‌ಸೆಟ್ ಅಂಗಡಿಗೆ ಬಂದಿದ್ದ ಅವಳ ಶಾಲೆಯ ನಂಜಪ್ಪ ಮೇಷ್ಟ್ರು, “ಯಾವ ತರಬೇತಿ ಸಾ? ಮೇಡಂ ಬರೋ ಸೋಮವಾರದಿಂದ ಮೂರು ತಿಂಗ್ಳು ರಜೆ ಬರ್ದವ್ರಲ್ಲ!” ಎಂದಿದ್ದರು. ಅವನು ತಲೆಯಾಡಿಸಿ, ಕೈಯಲ್ಲಿದ್ದ ವಾಷರನ್ನು ಒರೆಸುತ್ತಲೇ ಇದ್ದ.

ಈಗ ಅಂಗಡಿಯೊಳಕ್ಕೆ ಕಾಲಿಟ್ಟಾಗ ಅವಳು ಬೆಚ್ಚಲಿಲ್ಲ. ಒಮ್ಮೆ ನೋಡಿ, ಪಕ್ಕಕ್ಕೆ ಸರಿದು ಜಾಗ ಕೊಟ್ಟಳು. ಗಾಜಿನ ಮೇಜಿನ ಮೇಲೆ ಟ್ಯಾಬು, ಚಾರ್ಜರು, ಪವರ್ ಬ್ಯಾಂಕು, ಬರೆಯುವ ಪೆನ್ನು, ನಿಂಬೆಹಣ್ಣಿನಷ್ಟು ಸ್ಪೀಕರು ಸಾಲಾಗಿದ್ದವು.

“ಇಷ್ಟೂ ಹಿಡಿಸ್ಬೇಕು” ಎಂದಳು ಪಿಸುದನಿಯಲ್ಲಿ. “ಬ್ಯಾಗು ಮಾತ್ರ ಚಿಕ್ಕದಿರ್ಬೇಕು.”

ಪುಟ್ಟಸ್ವಾಮಿ ಲ್ಯಾಪ್‌ಟಾಪ್ ಬ್ಯಾಗು ಇಳಿಸಿದ. ಅವಳು ತಲೆಯಾಡಿಸಿದಳು. ಬೆನ್ನಿಗೆ ಹಾಕುವುದನ್ನು ತೋರಿಸಿದ. ಅದೂ ಬೇಡ.

“ಬೆನ್ನಿಗಾದ್ರೆ ಭಾರ ಗೊತ್ತಾಗಕಿಲ್ಲ ಕಣಮ್ಮ.”

“ಎದೆ ಮೇಲೇ ಇರ್ಬೇಕು. ಅಡುಗೆ ಮಾಡುವಾಗ್ಲೂ.”

“ಅಡ್ಗೆ ಮನೇಲೂ ಟ್ಯಾಬಾ?” ಪುಟ್ಟಸ್ವಾಮಿ ರಜನೀಶ್‌ನ ಕಡೆ ನೋಡಿ ನಕ್ಕ. “ಒಂದ್ ಗಳಿಗೇನೂ ಬಿಟ್ಟಿರಕ್ಕಾಗಕಿಲ್ಲ ಅನ್ನಿ!”

“ಹೂಂ. ಆಗಲ್ಲ.”

ರಜನೀಶ್ ಗೋಡೆಯ ಮೇಲೆ ತೂಗುಹಾಕಿದ್ದ ಮಕ್ಕಳ ಬ್ಯಾಗುಗಳನ್ನು ನೋಡುತ್ತ ನಿಂತ. ಕಾಲಿಗೆ ಜೋಮು ಹಿಡಿದಿತ್ತು. ಕಾಲು ಬದಲಿಸಬೇಕೆಂದೂ ಅನ್ನಿಸಲಿಲ್ಲ.

ನಾಲ್ಕನೆಯ ಬ್ಯಾಗು ಬೂದಿ ಬಣ್ಣದ್ದು, ಎರಡು ನೋಟ್‌ಬುಕ್ ದಪ್ಪದ್ದು. ಅವಳು ಪಟ್ಟಿಯನ್ನು ಕೊರಳಿಗೆ ಹಾಕಿಕೊಂಡಳು. ಎಡಗೈಯೊಂದರಲ್ಲೇ ಜಿಪ್ ಎಳೆದು ಟ್ಯಾಬು ತೆಗೆದಳು. ಮತ್ತೆ ಒಳಗಿಟ್ಟಳು. ಇನ್ನೊಮ್ಮೆ ತೆಗೆದಳು. ಹೀಗೆ ಆರು ಸಲ, ಪರೀಕ್ಷೆಗೆ ಕೂತವಳ ಹಾಗೆ. ಬದಿಯಲ್ಲಿ ಬಲೆಯಂಥ ಜೇಬಿತ್ತು. ಸ್ಪೀಕರನ್ನು ಅಲ್ಲಿಟ್ಟು ಬೆರಳಿಂದ ಮುಟ್ಟಿ ನೋಡಿದಳು.

“ನೀರು ಬಿದ್ರೆ?”

“ಏನೂ ಆಗಕಿಲ್ಲ. ಎಲ್ಲಿಗ್ ಮೇಡಂ ಪ್ರಯಾಣ?”

“ಸೋಮವಾರ ಹಾಸನ.”

“ಎಷ್ಟು ದಿನಕ್ಕೆ?”

“ಹನ್ನೆರಡು ದಿನ ಅಂದವ್ರೆ.” ಅವಳು ಗಂಡನ ಕಡೆ ತಿರುಗಲಿಲ್ಲ. “ಆಮೇಲೆ ಹೆಂಗೋ ಏನೋ.”

ಅಂದವರು ಯಾರು ಎಂದು ಪುಟ್ಟಸ್ವಾಮಿ ಕೇಳಲಿಲ್ಲ. ರಜನೀಶ್ ಕೇಳಬೇಕಿತ್ತು.

ಬ್ಯಾಗು ಹಾಕಿಕೊಂಡೇ ಅವಳು ರಸ್ತೆ ದಾಟಿ, ನಿಲ್ದಾಣದ ಕಲ್ಲುಬೆಂಚಿನ ಮೇಲೆ ಕೂತಳು. ಅವನೂ ಕೂತ. ಅರಕಲಗೂಡಿನ ಬಸ್ಸೊಂದು ಬಂದು, ಜನರನ್ನು ಇಳಿಸಿ, ಹೊರಟುಹೋಯಿತು.

“ಯಾರವ್ನು?” ಕೊನೆಗೂ ಕೇಳಿದ. ದನಿಯಲ್ಲಿ ಜಗಳವಿರಲಿಲ್ಲ, ಬೇಡಿಕೆಯೂ ಇರಲಿಲ್ಲ. “ಹೋಗೋದಾದ್ರೆ ಹೋಗು. ತಡಿಯಕಿಲ್ಲ. ಧನ್ಯಾಗೆ ಏನ್ ಹೇಳ್ಬೇಕು ಅಷ್ಟು ಹೇಳ್ಬುಟ್ಟು ಹೋಗು.”

ಶಿವರಂಜನಿ ಅವನ ಮುಖವನ್ನೇ ನೋಡಿದಳು. ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಅರ್ಥವಾದ ಮೇಲೆ ಅವಳ ಕಣ್ಣು ತುಂಬಿತು. ಆದರೆ ಅವಳು ಅಳಲಿಲ್ಲ, ಬೈಯಲೂ ಇಲ್ಲ.

“ಇವತ್ತೇ ಹೇಳ್ಬೇಕು ಅಂತಿದ್ದೆ” ಎಂದಳು. ಪಿಸುದನಿ ನಡುವೆ ಎರಡು ಕಡೆ ಕಡಿಯಿತು. “ನಿನ್ನೇಗೆ ಎಲ್ಲಾ ಮುಗೀತು. ನಾನೂರು ಮಾತು.”

“ಏನ್ ನಾನೂರು ಮಾತು?”

“ಮೊದ್ಲೇ ಹೇಳಿದ್ದಿದ್ರೆ ನೀವು ಅಳೋರು. ನಿಮ್ಮನ್ ನೋಡಿ ನನ್ ದನಿ ನಡುಗೋದು. ನಡುಗೋ ದನಿ ಬ್ಯಾಡವಾಗಿತ್ತು ಕಣ್ರೀ. ಇದ್ದಬದ್ದ ದನೀನೆಲ್ಲ ಅದಕ್ಕೇ ಉಳಿಸ್ಕೊಂಡಿದ್ದೆ.”

ಅವಳು ಎಡಗೈಯಿಂದ ಜಿಪ್ ಎಳೆದು, ಟ್ಯಾಬಿನ ಮೇಲೆ ಒಂದು ಕಡೆ ಬೆರಳಿಟ್ಟಳು. ಅವಳ ತುಟಿ ಮುಚ್ಚಿಯೇ ಇತ್ತು. ಎದೆಯ ಮೇಲಿನ ಬ್ಯಾಗು ಅವಳದೇ ದನಿಯಲ್ಲಿ, ಎಲ್ಲೂ ಕಡಿಯದೆ, ಮಾತಾಡಿತು:

“ರೀ, ಗಂಟಲಲ್ಲಿ ಗಡ್ಡೆ ಆಗಿದ್ಯಂತೆ, ಸೋಮವಾರ ನನ್ ಧ್ವನಿಪೆಟ್ಟಿಗೇನೇ ತೆಗೀತಾರೆ, ಇನ್ಮೇಲೆ ನಿಮ್ಜೊತೆ, ಧನ್ಯಾ ಜೊತೆ ನಾನು ಮಾತಾಡೋದೆಲ್ಲಾ ಇದ್ರೊಳಗಿಂದ್ಲೇ.”