ಕೈ ನಿಂತ ಜಾಗ

ನೀರು ಒಳನುಗ್ಗದಂತೆ ದೋಣಿಯ ಹಲಗೆಸಂದಿಗೆ ಹತ್ತಿ ತುಂಬುವಾಗ ನಡುವೆ ಏಳಬೇಕಾಗಿ ಬಂದರೆ, ಮುದುಕ ಕೈ ನಿಂತ ಜಾಗದಲ್ಲಿ ಒಂದು ತೆಂಗಿನಕಡ್ಡಿ ಚುಚ್ಚಿ ಏಳುತ್ತಿದ್ದ. ಮರಳಿ ಬಂದು, ಕಡ್ಡಿ ಕಿತ್ತು, ಅಲ್ಲಿಂದಲೇ ಮುಂದುವರಿಸುವುದು ಅವನ ರೂಢಿ.

ಈ ಮಳೆಗಾಲವೂ ಹಳೆಯ ದೋಣಿ ದಡದ ಚಪ್ಪರದಡಿ ಮಗುಚಿ ಮಲಗಿತ್ತು. ನೀರು ನುಗ್ಗಿ ಮುಳುಗಿದ್ದ ದೋಣಿಯನ್ನು ಕಡಲು ಮರಳಿ ಕೊಟ್ಟಿತ್ತು, ಮಗನನ್ನು ಕೊಟ್ಟಿರಲಿಲ್ಲ. ಗಾಳಿ ಎದ್ದ ದಿನವೂ ಗಂಡನನ್ನು ಕಡಲಿಗೆ ಕಳಿಸಿದಳೆಂದು, ಮುದುಕ ಅಂದಿನಿಂದ ಸೊಸೆಯೊಡನೆ ಮಾತು ಬಿಟ್ಟಿದ್ದ.

ಅವಳು ಕೂಸನ್ನು ಸೊಂಟಕ್ಕೇರಿಸಿಕೊಂಡು ಬಂದು, ಚಾ ಲೋಟವನ್ನು ಮರಳ ಮೇಲಿಟ್ಟಳು.

“ಮಾವ, ಚಾ.”

ಅವನು ಬೆನ್ನು ಹಾಕಿಯೇ ಹಳೆ ಬಣ್ಣ ಕೆರೆಯುತ್ತಿದ್ದ.

“ಹ್ವಾದ ವರ್ಷ ಇದ್ ಹುಟ್ಟಿದ್ ಸುದ್ದಿ ಕೇಂಡ್, ಮಾಡ್ತಿದ್ದ ದೋಣಿ ಕೆಲ್ಸ ಅಲ್ಲೇ ಬಿಟ್ಟ್ ಓಡಿ ಬಂದಿರಿ. ಕಡೆಗೆ ಬಣ್ಣ ಬಳ್ದ್ ಮುಗ್ಸಿದ್ದ್ ನಿಮ್ ಮಗನೇ. ಕಡ್ಲಿಗೆ ಕಳ್ಸಿದ್ದ್ ನಾನೇ, ಮಾವ, ತಪ್ಪ್ ನಂದೇ. ಕೂಸ್ ಎಂತ ಮಾಡಿತ್? ಒಂದ್ ಸಲ ಎತ್ಕಣಿ.”

ಮುದುಕ ತಿರುಗಲಿಲ್ಲ. ದೋಣಿಗೇ ಹೇಳುವವನಂತೆ ಅಂದ:

“ಅವ್ನ್ ಜೀವ ತೆಗ್ದದ್ದ್ ಯಾರ್ ಅಂದೇಳಿ ಈ ದೋಣಿಗ್ ಗೊತ್ತಿತ್ತ್.”

ಕೆರೆಯುತ್ತಿದ್ದ ಉಳಿ ತಟ್ಟನೆ ಒಳಕ್ಕೆ ಜಾರಿತು. ಬಣ್ಣದ ಅಡಿ, ಎರಡು ಹಲಗೆಗಳ ನಡುವೆ, ಒಂದು ಗೇಣು ಉದ್ದಕ್ಕೂ ಹತ್ತಿಯ ಒಂದೆಳೆಯೂ ಇರಲಿಲ್ಲ. ಆ ಗೇಣು ಶುರುವಾಗುವಲ್ಲಿ, ಮುರಿದ ತೆಂಗಿನಕಡ್ಡಿಯೊಂದು ಇನ್ನೂ ಚುಚ್ಚಿಕೊಂಡೇ ಇತ್ತು.