ಅವರವರ ಹೊಗೆ

ಯಾರ ಗಾಡಿಯ ಹೊಗೆ ಅವರ ಗಾಡಿಯೊಳಗೇ ಬಿಡಬೇಕೆಂಬ ಕಾನೂನು ಬಂದಮೇಲೆ ಹುಬ್ಬಳ್ಳಿಯ ಗಾಳಿ ತಿಳಿಯಾಗಿತ್ತು, ಕಾರಿನವರ ಮುಖ ಕಪ್ಪಿಟ್ಟಿತ್ತು.

ಮೇಸ್ತ್ರಿ ದ್ಯಾಮವ್ವ ತುಕ್ಕು ಹಿಡಿದ ಬೋಲ್ಟುಗಳಿಗೆ ಡೀಸೆಲ್ ಕುಡಿಸಿ, ಹೊಗೆಯನ್ನು ಒಳಗಿನ ಕೊಳವೆಗೆ ಸಾಗಿಸುವ ಹಳೆಯ ಮ್ಯಾನಿಫೋಲ್ಡನ್ನು ಇಂಜಿನ್ನಿನಿಂದ ಬಿಚ್ಚಿ ನೆಲಕ್ಕೆ ಹಾಕಿದಳು. ಅದರ ಹೊಟ್ಟೆಯಲ್ಲಿ ದುಂಡನೆಯ ತೂತಿತ್ತು.

"ಇದು ಒಡದದ್ದಲ್ರಿ, ಕೊರದದ್ದು."

"ಹೊಸಾದಕ್ಕೂ ಅಂಥಾದ್ದ ಒಂದು ಕೊರಿ," ಎಂದ ಕಾರಿನ ಮಾಲೀಕ ಅಂದಾನೆಪ್ಪ. "ಹೊಗಿ ಸೀಟಿನ ತನಕ ಬರಬಾರ್ದು."

"ಮತ್ತ ಅದನ್ನ ಯಾರು ಕುಡೀಬೇಕ್ರಿ?"

"ಹಾದಿ ಮ್ಯಾಲಿನವರು. ನಿನಗೇನು?"

"ನಾನೂ ಹಾದಿ ಮ್ಯಾಲ ಇರಾಕಿ."

ಹೊಸ ಮ್ಯಾನಿಫೋಲ್ಡನ್ನು ಅವಳು ತೂತು ಕೊರೆಯದೆಯೇ ಬಿಗಿದಳು. ಅಂದಾನೆಪ್ಪ ಹಲ್ಲು ಕಡಿದ.

"ಟ್ರಯಲ್ಲಿಗೆ ಮೇಸ್ತ್ರಿನೂ ಒಳಗ ಕುಂದರಬೇಕು. ಗೊತ್ತೈತಿಲ್ಲ? ನೀನೂ ಕುಡಿ."

ದ್ಯಾಮವ್ವ ಸ್ಟೇರಿಂಗ್ ಹಿಡಿದು ಕುಳಿತಳು, ಅವನು ಪಕ್ಕದಲ್ಲಿ. ಗಾಜು ಏರಿಸಿ ಗಾಡಿ ಹೊರಡಿಸಿದಳು. ಕಾಲ ಬಳಿಯ ಕೊಳವೆಯಿಂದ ಹೊಗೆ ಮೇಲೆದ್ದಿತು. ದಿನವೂ ಕಂಡವರ ಗಾಡಿಯ ಹೊಗೆ ಕುಡಿಯುವವಳಿಗೆ ಅದು ಹೊಸದಲ್ಲ. ಮೊದಲ ಸರ್ಕಲ್ಲಿಗೇ ಅವನು ಕೆಮ್ಮುತ್ತ ಬಾಗಿಲು ತಡಕಾಡಿದ.

"ಸಾಕು. ಗ್ಯಾರೇಜಿಗೆ ತಿರುಗಿಸು."

"ತಡೀರಿ, ಇಂಜಿನ್ ಇನ್ನೂ ಕಾದಿಲ್ಲ," ಎಂದು ಅವಳು ಬೈಪಾಸಿನ ಕಡೆಗೆ ತಿರುಗಿಸಿದಳು.